ಗಿಡ್ಡ ಎ

ಈ ಹಂಗಾಮಿನ ಛಲೋ ಆಟಗಾರರು, ಒಂಬತ್ತು ಹೆಸರು,
ಬರಿ ಅಂದ್ರು ಪ್ರಾಚಾರ್ಯರು.
ಹಲಗಿ ಹಸರು, ಬಣ್ಣ ಬಿಳೀದು.
ಜತ್ತ ಕಾಲೇಜಿನ ಜಿಮಖಾನಾದಾಗ
ನಿಚ್ಚಣಿಕಿ ಏರಿ ನಿಂತೀನಿ.
ಬೇಸ್‌ಬಾಲ್ ಅಂದ್ರ ಊರಾಗ ಇನ್ನೂ
‘ಆ ತೊಗಲಗೈಯ ಆಟ’.
ವರ್ಷವಿಡೀ ಅದರ ಸ್ಕೋರು ಬರದಾಂವ ನಾನು;
ಪೆನ್ಸಿಲ್ಲಿಗೆ ತಿಳದದ್ದು
ಕುಂಚಕ್ಕ ತಿಳಿಯೂದಿಲ್ಲ.

ಮದಲ ಮಾಳಿಂಗ ಪೂಜಾರಿ, ಪಿಚರ್.
ಜ್ವಾಳದ ಹೊಲದಾಗ ಅಟ್ಟದ ಮ್ಯಾಲ ನಿಂತು
ಕವಣಿ ಬೀಸಿದ ರಟ್ಟಿ.
ಕೋಚ್ ಸಾಹೇಬರು ಅವನ ಮಣಿಕಟ್ಟು ತಿದ್ದಲಿಕ್ಕೆ ಹೋಗಿ
ಮೂರು ದಿನಕ್ಕ ಕೈಬಿಟ್ರು.
ಎಪ್ಪತ್ತೆಂಟು ಮಂದಿನ್ನ ಬರಿಗೈಲೆ ಕಳಿಸ್ಯಾನ ಈ ಸಲ.
ಹಕ್ಕಿ ಎಷ್ಟು ಹೊಡದಿದ್ದಿ ಅಂತ ಕೇಳಿದ್ರ
ಒಂದೂ ಇಲ್ಲ, ಬರೇ ಹೆದರಿಸೂದು, ಅಂತಾನ.

ಎರಡನೇದು ಇಲಾಹಿ ನದಾಫ.
ಅವರಪ್ಪ ಗಾದಿಯ ಹತ್ತಿ ಹಿಂಜಾಂವ.
ಎರಡನೇ ಬೇಸಿಗೆ ಇವ ಜಾರಿ ಧೂಳೆದ್ದರ
ಗ್ವಾಡಿ ಮ್ಯಾಲ ಕೂತ ಹುಡುಗೂರು ಕೂಗತಿದ್ರು:
ಹಿಂಜಿದ! ಹಿಂಜಿದ!

ಮೂರು, ನಾಕು, ಐದು. ನಡುವ ಚಹಾ ಬಂತು.
ಏಳನೇದರ ಬಣ್ಣ ಸೋರಿತು, ಒರಿಸಿ ಮತ್ತ ಬರದೆ.

ಪಟ್ಟ್ಯಾಗ ಇಲ್ಲದಾಂವ ಬಸಲಿಂಗ ತೆಲಸಂಗ.
ಹದಿನಾಕು ಸಲ ಬ್ಯಾಟು ಅಡ್ಡ ಹಿಡದು
ಚೆಂಡು ಮೆಲ್ಲಕ ಕಾಲಬುಡಕ್ಕ ಕೆಡವಿ
ತಾ ಔಟಾಗಿ ಇನ್ನೊಬ್ಬನ್ನ ಮುಂದ ದಾಟಿಸ್ಯಾನ.
ಅದನ್ನ ಆಡಿದ ಲೆಕ್ಕಕ್ಕs ಹಿಡಿಯೂದಿಲ್ಲ, ನಿಯಮ.
ನನ್ನ ವಹಿಯೊಳಗ ಸಣ್ಣದೊಂದು ಗುರ್ತು ಐತಿ.
ಹಲಗಿಗೆ ಆ ಗುರ್ತು ಬರೂದಿಲ್ಲ.

ಕಡೀಕ ಈರಗೊಂಡ ಬೆಳ್ಳುಬ್ಬಿ, ಕ್ಯಾಚರ್, ಸಂಖದಾಂವ.
ಮುರದ ಬೆರಳಿಗೆ ಐಸ್‌ಕ್ರೀಮಿನ ಕಡ್ಡಿ ಕಟಗೊಂಡು
ಫೈನಲ್ ಆಡಿದ.
ಹಲಗಿ ಮರಾಠಿಯೊಳಗ,
ಮರಾಠಿಗೆ ಗಿಡ್ಡ ಎ ಇಲ್ಲ.
ಹೋದ ತಿಂಗಳ ಸತ್ಕಾರದಾಗ ದೊಡ್ಡ ಪಾವಣ್ಯಾರು
ಕಾಗದ ನೋಡಿ ಬೇ…ಳ್ಳುಬ್ಬಿ ಅಂತ ಎಳದು ಕರದಾಗ
ಇವ ಏಳಲಿಲ್ಲ.
ಬ್ಯಾರೆ ಯಾರನ್ನೋ ಕರದ್ರು ಅನ್ಕೊಂಡು
ಕೂತಲ್ಲೇ ಚಪ್ಪಾಳಿ ಹೊಡೀತಿದ್ದ,
ಎಲ್ಲಾರಕಿಂತ ಜೋರು.

ಇವತ್ತ ಆ ಮಾತ್ರೆಯ ತುದಿ
ಹಸರು ಬಣ್ಣ ಹಚ್ಚಿ ಚೂರು ಮೊಟಕು ಮಾಡೇನಿ.
ಕೆಳಗ ನಿಂತ ಪ್ರಾಚಾರ್ಯರು ಮರಾಠಿಯೊಳಗ ಕೇಳಿದ್ರು,
ಅಲ್ಲಿ ಬಿಳೀದು ಕಮ್ಮಿ ಬಿತ್ತೇನು?
ಹೌದ್ರಿ ಅಂದೆ, ಕನ್ನಡದಾಗ,
ಮತ್ತ ಡಬ್ಬಿ ಮುಚ್ಚಿದೆ.