ಗೋರಿ ಐದು ಕಿಲೋಮೀಟರ್

ಕುತಾಯಿಸಿಯಲ್ಲಿ ಕೊನೆಯ ಬೆಳಗು.
ರಿಯೋನಿ ನದಿಯ ಬಿಳಿಗಲ್ಲುಗಳ ಮೇಲೆ
ಒಗೆದು ಹರವಿದ ಹಾಗೆ ಬಿಸಿಲು.
ಹನ್ನೊಂದು ದಿನ ಕೋಣೆ ಕೊಟ್ಟ ತ್ಸಿಯಾಲಾ ಅಜ್ಜಿ
ಹಳೇ ಪೇಪರಿನಲ್ಲಿ ಸುತ್ತಿದ ಜಾಡಿಯೊಂದನ್ನು
ನನ್ನ ಕಂಕುಳಿಗೆ ತುರುಕಿದಳು:
ಟ್ಕೆಮಲಿ. ಕಾಡು ಪ್ಲಮ್ಮಿನ ಹುಳಿಗೊಜ್ಜು,
ಬೆಳ್ಳುಳ್ಳಿ, ಕೊತ್ತಂಬರಿ,
ನಾಲಿಗೆ ತಿರುಗದ ಹೆಸರಿನದೊಂದು ಸೊಪ್ಪು.

'ಹೋಗಿ ಬರ್ತೀನಿ' ಅಂದೆ, ಕನ್ನಡದಲ್ಲೇ.
ಬಾಯಿಗೆ ಅದೇ ಬಂತು.
ಅವಳೂ ಏನೋ ಅಂದಳು, ಉದ್ದಕ್ಕೆ.
ಇಬ್ಬರಿಗೂ ಅರ್ಥವಾಯಿತೆಂದು ತಲೆಯಾಡಿಸಿದೆವು.

ಆಡಿದ ಮಾತು ನಿಜವಾಗಲು ನಲವತ್ತು ನಿಮಿಷ ಸಾಕಾಯಿತು.
ಊರಾಚೆಯ ಪೆಟ್ರೋಲ್ ಬಂಕಿನ ಬಳಿ
ಓರಗಿತ್ತಿ ಇಂದುಮತಿ ಚೀಲ ತಡಕಿದಳು,
ಕೋಟಿನ ಜೇಬು ತಡಕಿದಳು, ಆಮೇಲೆ
ನನ್ನ ಮುಖ ನೋಡಿದಳು.
ಪಾಸ್‌ಪೋರ್ಟು ದಿಂಬಿನ ಕೆಳಗೆ.

'ಎತ್ತಿಡು ಅಂದವಳು ನೀನೇ ತಾನೇ?'
'ಎತ್ತಿಟ್ಟು ಮರಿ ಅಂದೆನೇನು?'
ಒಂದೇ ಕೋಣೆ, ಒಂದೇ ಚಾರ್ಜರು, ಒಂದೇ ಸೋಪು
ಹನ್ನೊಂದು ದಿನ ಹೇಗೋ ಸಾಗಿತ್ತು;
ಇಪ್ಪತ್ತಾರು ವರ್ಷದ ಬಾಕಿ ಜಗಳವನ್ನೆಲ್ಲ
ವ್ಯಾನಿನ ಹಿಂದಿನ ಸೀಟಿನಲ್ಲಿ ಚುಕ್ತಾ ಮಾಡಿದೆವು,
ಅತ್ತೆಯ ಓಲೆಯಿಂದ ಹಿಡಿದು
ಯಾರದೋ ನಾಮಕರಣದಲ್ಲಿ ಬಡಿಸದೆ ಬಿಟ್ಟ ಹೋಳಿಗೆಯವರೆಗೆ.
ಡ್ರೈವರ್ ಮಲ್ಖಾಜಿ ಮೆಲ್ಲಗೆ ರೇಡಿಯೋ ಏರಿಸಿದ.

ಗೇಟಿನಲ್ಲಿ ಅಜ್ಜಿ ನಿಂತೇ ಇದ್ದಳು,
ಒಂದು ಕೈಯಲ್ಲಿ ಪಾಸ್‌ಪೋರ್ಟು, ಇನ್ನೊಂದರಲ್ಲಿ ಕಾಫಿ.
ಮುಖದಲ್ಲಿ ಅಚ್ಚರಿಯೇ ಇಲ್ಲ.
ಬರ್ತೀನಿ ಅಂದಿದ್ದೆನಲ್ಲ.

ರಿಕೋತಿ ಸುರಂಗ ದಾಟಿ ಸುರಾಮಿ ಬಂತು.
ರಸ್ತೆಯ ಇಕ್ಕೆಲದಲ್ಲೂ ಹೆಂಗಸರು
ಎರಡೂ ಕೈಯೆತ್ತಿ ಬೀಸುತ್ತಿದ್ದರು.
ಏನೋ ಅನಾಹುತ ಅಂದುಕೊಂಡೆ. ರೊಟ್ಟಿ.
ದ್ರಾಕ್ಷಿ, ದಾಲ್ಚಿನ್ನಿ ಹಾಕಿದ ಸಿಹಿರೊಟ್ಟಿ ಮಾರುವವರು.
ಅನಾಹುತ ನಮ್ಮ ವ್ಯಾನಿನಲ್ಲೇ ಇತ್ತು:
ಎರಡು ಸಲ ಕೆಮ್ಮಿ, ಕಮಟು ಹೊಗೆ ಬಿಟ್ಟು, ನಿಂತಿತು.

ಬೆಲ್ಟು ಹರಿದ ಗಾಡಿಯ ಮುಂದೆ
ಬಗ್ಗಿ ನಿಂತ ಗಂಡಸಿನ ಬೆನ್ನು
ಎಲ್ಲ ದೇಶದಲ್ಲೂ ಒಂದೇ.
ರೊಟ್ಟಿಯ ದರೇಜಾನ್ ಬಂದು ಒಳಗೆ ಇಣುಕಿದಳು,
ಅವನಿಗೆರಡು ಬೈದಳು,
ಒಲೆಯ ಗೋಡೆಯ ಹಿಂದೆ ಹೋಗಿ
ತನ್ನ ನೈಲಾನ್ ಕಾಲುಚೀಲ ಕಳಚಿ ತಂದು
ತಾನೇ ಬಿಗಿದು ಗಂಟು ಹಾಕಿದಳು.
ದುಡ್ಡು ಕೊಟ್ಟರೆ ರೊಟ್ಟಿಗಷ್ಟೇ ತೆಗೆದುಕೊಂಡಳು.

ಹೊರಟೆವು, ಬರಿಗಾಲ ದರೇಜಾನಳ ಕೃಪೆಯಲ್ಲಿ,
ಎತ್ತಿನ ಗಾಡಿಯ ವೇಗದಲ್ಲಿ.
ಗೋರಿಯಲ್ಲಿ ಅವನ ಸೋದರಸಂಬಂಧಿ
ಹೊಸ ಬೆಲ್ಟು ಹಿಡಿದು ಕಾದಿದ್ದಾನಂತೆ.
ಮಾತು ಬಿಟ್ಟಿದ್ದ ಇಂದುಮತಿ
ಕಿಟಕಿಯಾಚೆಯ ಬೋರ್ಡು ಓದಿದಳು:
'ಗೋರಿ, ಐದು ಕಿಲೋಮೀಟರ್.'
ಸ್ವಲ್ಪ ಹೊತ್ತು ಸುಮ್ಮನಿದ್ದು,
'ಅಷ್ಟು ಹತ್ತಿರವೇನೇ?' ಅಂದಳು.
ಆಮೇಲೆ ನಾವು ನಕ್ಕಿದ್ದಕ್ಕೆ
ಮಲ್ಖಾಜಿ ಗಾಬರಿಯಾಗಿ ಬ್ರೇಕು ಒತ್ತಿದ.

ತ್ಬಿಲಿಸಿ. ಓಡಿದೆವು. ಪೆಟ್ಟಿಗೆಗಳು ಬೆಲ್ಟಿನ ಮೇಲೆ ಹೋದವು
(ಈ ಬೆಲ್ಟು ಗಟ್ಟಿ), ವಿಮಾನವೇ ಎರಡು ಗಂಟೆ ತಡ.
ತಪಾಸಣೆಯ ಹುಡುಗ ಜಾಡಿ ಎತ್ತಿ ಹಿಡಿದ:
ನೂರು ಮಿಲಿಗಿಂತ ಜಾಸ್ತಿ. ಇಲ್ಲ. ಇಲ್ಲವೇ ಇಲ್ಲ.
ಅಲ್ಲೇ ಕಸದ ಡಬ್ಬ, ತುಂಬ ಜನರ ಅಮ್ಮಂದಿರ ಉಪ್ಪಿನಕಾಯಿ.

ಸಾಲು ಬಿಟ್ಟು ಗೋಡೆಗೊರಗಿ ನೆಲದಲ್ಲಿ ಕೂತೆವು.
ರೊಟ್ಟಿ ಮುರಿದೆ. ಅವಳು ಮುಚ್ಚಳ ತಿರುಗಿಸಿದಳು.
ಸಿಹಿಗೆ ಆ ಹುಳಿ ಸೇರಿ
ಕಿವಿಯ ಹಿಂದೆ ಜುಮ್ಮೆಂದಿತು.
'ಆ ಹೋಳಿಗೆ,' ಅಂದಳು ಇಂದುಮತಿ, ಬೆರಳು ನೆಕ್ಕುತ್ತ,
'ನಿನಗೆ ಅಂತ ಎತ್ತಿಟ್ಟಿದ್ದೆ. ಮರೆತುಬಿಟ್ಟೆ.'
ತಳ ಕಾಣುವವರೆಗೆ ತಿಂದೆವು.
ಖಾಲಿ ಜಾಡಿಯನ್ನು ಹುಡುಗ ಮೂಸಿ ನೋಡಿದ,
ಎಂಜಲು ನುಂಗಿ, ಬಿಟ್ಟ.

ಗೇಟಿನ ಬಳಿ ಗಾಜಿನಾಚೆ ಕತ್ತಲು.
ಓರಗಿತ್ತಿ ನನ್ನ ಹೆಗಲಿಗೆ ತಲೆಯಿಟ್ಟು
ಬೆಳ್ಳುಳ್ಳಿಯ ಉಸಿರು ಬಿಡುತ್ತ ನಿದ್ದೆಹೋಗಿದ್ದಾಳೆ.
ಕೆಳಗೆ ಟ್ರಾಲಿಯ ಸಾಲೊಂದು ಬಂತು, ತಿರುಗಿತು;
ಹಿಡಿಗೆ ಕೆಂಪು ರವಿಕೆ ಚೂರು ಕಟ್ಟಿದ
ನನ್ನದೇ ಪೆಟ್ಟಿಗೆ, ಸಂಶಯವೇ ಇಲ್ಲ,
ಬೇರೆ ಯಾವುದೋ ವಿಮಾನದ ಕಡೆ
ಗಂಭೀರವಾಗಿ ಹೊರಟಿದೆ.

ಏಳಲಿಲ್ಲ. ಹೆಗಲು ಅಲುಗಿದರೆ ಇವಳು ಎಚ್ಚರವಾದಾಳು.
ಗಾಜಿಗೆ ಮುಖವಿಟ್ಟು, ಮೆಲ್ಲಗೆ,
ಹೋಗಿ ಬಾ, ಅಂದೆ.