ಸೊನ್ನೆ ಯೆನ್

ಬೆಲೆ ಕೇಳಿದಿರಿ. ಹೇಳುತ್ತೇನೆ, ಕೂತುಕೊಳ್ಳಿ ಓನೊದೆರಾ ಸಾನ್.
ಆ ಕುರ್ಚಿಯ ಕಾಲು ಸರಿಯಿಲ್ಲ, ಈ ಕಡೆ ಬನ್ನಿ.

ಹೊಸದಿದ್ದಾಗ ಐದು ಲಕ್ಷ ಎಂಬತ್ತು ಸಾವಿರ ಯೆನ್.
ಫಿನ್ಲೆಂಡಿನ ಉಕ್ಕು, ಆಕ್ರೋಟು ಮರದ ಹಿಡಿ.
ಮಾರಿದವನು ನಾನೇ. ರಸೀದಿಯ ಮೇಲಿರುವುದು
ನನ್ನದೇ ಕಾಗೆಕಾಲು ಅಕ್ಷರ.

ಇವತ್ತಿನ ಬೆಲೆ ಸೊನ್ನೆ.
ಸುಳ್ಳಲ್ಲ. ಒಳಗೆ ಕಪಾಟಿನಲ್ಲಿ ಇಂಥವು ಹದಿನೇಳಿವೆ,
ಎಲ್ಲ ತೀರಿಕೊಂಡವರದು, ಇಲ್ಲ ಕಣ್ಣು ಮಂಜಾದವರದು.
ಈ ದೇಶದಲ್ಲಿ ರೈಫಲ್ ಅಗ್ಗ,
ಅದನ್ನು ಮುಟ್ಟುವ ಹಕ್ಕು ತುಟ್ಟಿ.

ನಿಮಗೆ ನೆನಪಿರಬೇಕು. ಮೊದಲು ಹತ್ತು ವರ್ಷ ಶಾಟ್‌ಗನ್.
ಹತ್ತಕ್ಕೆ ಒಂದು ದಿನ ಕಡಿಮೆಯಾದರೂ ಅರ್ಜಿ ವಾಪಸ್.
ಮಣ್ಣಿನ ಬಿಲ್ಲೆಗಳನ್ನು ಆಕಾಶದಲ್ಲಿ ಒಡೆಯುತ್ತಾ
ಕೂದಲು ನರೆಯುವ ತನಕ ಕಾದರು ನಿಮ್ಮವರು.
ಆಮೇಲೆ ವೈದ್ಯರ ಪತ್ರ, ಪರೀಕ್ಷೆ,
ಕಪಾಟಿನ ಫೋಟೋ, ಕಪಾಟಿರುವ ಕೋಣೆಯ ನಕ್ಷೆ,
ಪೊಲೀಸರು ಪಕ್ಕದ ಮನೆಯ ಬಾಗಿಲು ತಟ್ಟಿ,
ಕುಡಿಯುತ್ತಾರಾ? ಕೂಗಾಡುತ್ತಾರಾ?
ಪಕ್ಕದ ಮನೆಯವರೆಂದರಂತೆ:
ಆ ಮನುಷ್ಯ ನಾಯಿಗೂ ದಯವಿಟ್ಟು ಎನ್ನುತ್ತಾನೆ.

ಒಂದೊಂದು ಗುಂಡಿಗೂ ಜಾತಕ ಬರೆದಿಡಬೇಕು,
ಯಾವತ್ತು ಕೊಂಡದ್ದು, ಎಲ್ಲಿ ಹಾರಿದ್ದು.
ಈಗ ಗುಂಡೊಂದಕ್ಕೆ ಒಂಬೈನೂರು.
ಚಳಿಗಾಲದಲ್ಲಿ ಜಿಂಕೆಗೆಂದು ಬೆಟ್ಟ ಹತ್ತಿ
ಬರಿಗೈಯಲ್ಲಿ ಇಳಿಯುತ್ತಿದ್ದರಲ್ಲ,
ನಾವೆಲ್ಲ ನಗುತ್ತಿದ್ದೆವು.
ಅವರಿಗೆ ಬೇಕಾಗಿದ್ದುದು ಕಾಗದ, ಮುನ್ನೂರು ಮೀಟರ್ ಆಚೆ,
ಕಾಗದದ ನಡುವೆ ಒಂದು ಕಪ್ಪು ಬೊಟ್ಟು.
ತಿಂಗಳಿಗೆ ಹತ್ತೇ ಗುಂಡು ಹಾರಿಸುತ್ತಿದ್ದರು.
ಹತ್ತಕ್ಕೂ ಒಂದೇ ತೂತು.

ಇವತ್ತು ನಾನು ಕೊಂಡರೆ ಯಾರಿಗೆ ಮಾರಲಿ?
ಗ್ಯಾಸ್‌ಕಟ್ಟರ್‌ನಲ್ಲಿ ಮೂರು ತುಂಡು ಮಾಡಿಸಬಹುದು,
ಅದಕ್ಕೆ ನೀವೇ ಹದಿನೈದು ಸಾವಿರ ಕೊಡಬೇಕಾಗುತ್ತದೆ.
ತಪ್ಪು ತಿಳಿಯಬೇಡಿ.

ಅವರು ತಪ್ಪು ತಿಳಿಯಲಿಲ್ಲ. ಚಹಾ ಮುಟ್ಟಲಿಲ್ಲ.
ಹಾಲಿನ ಡೇರಿಯ ಆ ಹುಡುಗಿ ಯಾರು, ಎಂದರು,
ಅಂತ್ಯಕ್ರಿಯೆಗೆ ಬಂದು ಹಿಂದೆ ನಿಂತಿದ್ದಳಲ್ಲ.

ಮಿಹೊಕೊ. ಶನಿವಾರ ಬರುತ್ತಾಳೆ ಇಲ್ಲಿಗೆ.
ಉಸಿರು ಹಿಡಿಯುವುದನ್ನು ನಿಮ್ಮವರೇ ಕಲಿಸಿದ್ದು.
ಶಾಟ್‌ಗನ್ ಹಿಡಿದು ಮೂರು ವರ್ಷವಾಯಿತು, ಏಳು ಬಾಕಿ.
ಅಲ್ಲಿಯವರೆಗೆ ಇದನ್ನು ಬೆರಳಲ್ಲಿ ಸವರಿದರೂ ಅಪರಾಧ.

ಇಲ್ಲೇ ಇಟ್ಟುಕೊಂಡರೆ?
ತಿಂಗಳಿಗೆ ಸಾವಿರದ ಐನೂರು, ಎಂದೆ.
ನಾನು ಕ್ಯಾಲ್ಕುಲೇಟರ್ ಹುಡುಕುವಷ್ಟರಲ್ಲಿ
ಒಂದು ಲಕ್ಷ ಇಪ್ಪತ್ತಾರು ಸಾವಿರ, ಎಂದರು.
ಅಂಚೆಕಚೇರಿಯಲ್ಲಿ ಲೆಕ್ಕ ಬರೆದ ಕೈ.
ಕಾನೂನು ನಡುವೆ ಬದಲಾದರೆ?
ಬದಲಾಗುತ್ತದೆ, ಎಂದೆ. ಬಿಗಿಯೇ ಆಗುತ್ತದೆ.
ಹತ್ತು ಹನ್ನೆರಡಾದೀತು. ಅವಳಿಗೆ ಬೇರೆ ಊರಾದೀತು, ಮದುವೆಯಾದೀತು.
ಏಳು ವರ್ಷಕ್ಕೆ ನಾನೇ ಇರುತ್ತೇನೋ ಇಲ್ಲವೋ.

ನೋಟುಗಳನ್ನು ಎಣಿಸಿ, ಅಂಚು ಸರಿಮಾಡಿ, ಮೇಜಿನ ಮೇಲಿಟ್ಟರು.
ಅದರ ಮೇಲೆ ಒಂದು ಚಿಕ್ಕ ಕೀಲಿ.

ನನಗೆ ಮಾತು ಹೊರಡಲಿಲ್ಲ.
ಕಪಾಟಿನ ಕೀಲಿ ಎಲ್ಲಿದೆಯೆಂದು ಮನೆಯವರಿಗೂ ತಿಳಿಯಕೂಡದು,
ಅದು ನಿಯಮ. ಹೋದ ತಿಂಗಳು
ಠಾಣೆಯ ಹುಡುಗ ಸಾಸಾಮೊರಿಯೂ ನಾನೂ
ಚಾಪೆ ಎತ್ತಿ, ದೇವರ ಗೂಡು ಇಣುಕಿ, ಬೂಟಿನೊಳಗೆ ಕೈಹಾಕಿ
ಎರಡು ಗಂಟೆ ಹುಡುಕಿದ್ದೆವು.
ನನಗೆ ಗೊತ್ತಿಲ್ಲ, ಅವರು ಎಂದೂ ಹೇಳಲಿಲ್ಲ,
ಎಂದು ಈಕೆ ಬಾಗಿಲ ಬಳಿ ನಿಂತಿದ್ದರು.
ಕೊನೆಗೆ ಬೀಗ ಕೊರೆಸಿದೆವು. ಇಪ್ಪತ್ತೆರಡು ಸಾವಿರ.

ಮೂಲಂಗಿ ಉಪ್ಪಿನಕಾಯಿಗೆ ಹೇರುವ ಕಲ್ಲಿದೆಯಲ್ಲ, ಎಂದರು,
ಅದರ ಹಿಂದಿನ ಸಂದಿಯಲ್ಲಿ. ಮೊದಲ ವಾರದಿಂದಲೂ.
ವರ್ಷದ ಕೊನೆಯ ಶುದ್ಧಿಗೆ ತೆಗೆದು ಒರೆಸುತ್ತಿದ್ದೆ,
ಹಲ್ಲು ಗೋಡೆಯ ಕಡೆಗಿದ್ದರೆ ಗೋಡೆಯ ಕಡೆಗೇ ಇಡುತ್ತಿದ್ದೆ.
ಪೊಲೀಸರ ಮುಂದೆ ಹೇಗೆ ಹೇಳಲಿ?
ಗುರಿ ಚೆನ್ನಾಗಿತ್ತು ಅಂತೀರಿ ನೀವೆಲ್ಲ.
ಬಚ್ಚಿಡಲು ಮಾತ್ರ ಬರುತ್ತಿರಲಿಲ್ಲ.

ರಸೀದಿ ಬರೆದೆ. ಅಕ್ಷರ ಇನ್ನೂ ಕೆಟ್ಟಿದೆ.
ಕೊಡೆ ಎತ್ತಿಕೊಂಡು ಹೊರಡುವಾಗ
ಆ ಕುರ್ಚಿಗೊಂದು ಮೊಳೆ ಹೊಡೆಸಿ, ಎಂದರು.