ಹಾರ್ದಿಕ

ಎಲೆಕ್ಷನ್ ಸೋತವರು ಹುಟ್ಟುಹಬ್ಬದ ಬೋರ್ಡು
ಒಯ್ಯಾಕ ಬರೂದಿಲ್ಲ.
ನನ್ನ ಅಂಗಡಿ ಹಿಂದ ಹಂಗ ಉಳಿದ ಸನ್‌ಬೋರ್ಡು
ಆಳೆತ್ತರ ಬಿದ್ದಿತ್ತು: ಮೀಸಿ, ಶಾಲು, ಮುಗಿದ ಕೈ.
ದಸ್ತಗೀರ ಬೆರಳಲೆ ಬಡದು ನೋಡಿ ಅಂದ,
"ಗುರುಬಾಯಕ್ಕ, ಇದರಾಗ ನಾಕು ವಿಮಾನ ಅದಾವ."

ಅಂವ ಬೋರಿನ ಮೋಟಾರಿಗೆ ತಂತಿ ಸುತ್ತಾಂವ.
ಸುಟ್ಟದ್ದನ್ನ ಬಿಚ್ಚೂದು ಅವನ ಕಸುಬು,
ಬಿಚ್ಚಕೋತ ಸುತ್ತು ಎಣಸೂದು.

ಕೊಯ್ದು ಮಡಚಿದಾಗ ಎಡರೆಕ್ಕಿಗೆ
ದಪ್ಪ ಕೆಂಪು ಅಕ್ಷರದಾಗ "ಹಾರ್ದಿಕ" ಬಂತು.
ಶುಭಾಶಯ ಕಸದ ಡಬ್ಬಿಗೆ ಹೋತು.

ನವನಗರದ ಕಡೀ ಸೆಕ್ಟರು. ಮುಂಜಾನಿ ಆರು.
ರೋಡು ಐತಿ, ಗಟಾರ ಐತಿ, ಲೈಟಿನ ಕಂಬ ಐತಿ,
ಮನಿ ಇಲ್ಲ. ನಂಬರ ಬರದ ಕಲ್ಲು ಅಷ್ಟ.
ಹಿನ್ನೀರಿನ ಕಡಿಂದ ಗಾಳಿ ಎದ್ದಿರಲಿಲ್ಲ.
ಅಂವ ಕೈಯೆತ್ತಿ ಒಗದ,
ನಾ ಕಡ್ಡಿ ಜಗ್ಗಿದೆ. ಜಾಸ್ತಿ ಜಗ್ಗಿದೆ.
ಮುಗಲಿಗೆ ಗೂಟ ಬಡದು ನೇತು ಹಾಕಿದಂಗ
ಒಂದು ಗಳಿಗಿ ನಿಂತು, ಹಿಂದ ಕುಂತು,
ನಾಕನೂರಾ ಹನ್ನೊಂದನೇ ಪ್ಲಾಟಿನಾಗ
ಯಾರೋ ಮುಂದ ಎಂದೋ ಒಲಿ ಹೂಡೂ ಜಾಗಾಕ್ಕ
ಮೂಗು ಊರಿ ಬಿತ್ತು.
ಆರು ಸೆಕೆಂಡು.

"ಓಡಬ್ಯಾಡ," ಅಂದ.
"ಮೊದಲ ಥ್ರಾಟಲ್ ಇಳಸು.
ಬಿದ್ದ ಮ್ಯಾಲೂ ಪಂಕಾ ತಿರಗಾಕ ನೋಡಿದ್ರ
ಮೋಟಾರು ಸುಡತೈತಿ.
ಆಮ್ಯಾಲ ನಡಿ. ನಡಕೋತ ನೆನಸು,
ಕೈ ಏನ ಮಾಡಿತ್ತಂತ."

ರಾತ್ರಿ ಪ್ರಿಂಟರು ಯಾರದೋ ಮದವಿ ಉಗುಳಾಕತ್ತಾಗ
ನಾ ಬಾಜೂಕ ಕುಂತು ರಿಪೇರಿ:
ಬಿಸಿ ಗೋಂದು, ಹಿಡಿಗಡ್ಡಿ, ಪಾರ್ಸಲ್ ಟೇಪು.
ಪಂಕಾಕ್ಕ ರಬ್ಬರ್ ಬ್ಯಾಂಡ್ ಒಂದ,
ಬಡದ್ರ ಬಿಚ್ಚಿಕೊಳ್ಳಲಿ, ಮುರೀಬಾರದು ಅಂತ.
ಅಪ್ಪ ಹಳೇ ಊರಾಗ ಕುಂಚದಲೆ ಬೋರ್ಡು ಬರೀತಿದ್ದ.
ಆ ಓಣಿ ಈಗ ನೀರಾಗೈತಿ.
ಅಕ್ಷರ ಸೊಟ್ಟಾದ್ರ ನನ್ನ ಕೈ ಹಿಡಿದು ಅಂತಿದ್ದ:
ಹಸಿ ಇದ್ದಾಗ ಒರಸಬ್ಯಾಡವಾ,
ಹೊಲಸು ಹರವತೈತಿ.

ವಿಮಾನ ಹೋಗೂದು ಸರಳ. ಬರೂದ ಕಷ್ಟ.
ನನ್ನ ಕಡೆ ಮಾರಿ ಮಾಡಿತಂದ್ರ
ಅದರ ಎಡ ನನಗ ಬಲ.
ಗಾಜಿಗೆ ಒಳಗಿಂದ ಅಂಟಸೂ ಅಕ್ಷರ
ದಿನಾ ತಿರುವಿ ಕೊಯ್ಯಾಕಿ ನಾ.
ತಲಿಗೆ ಗೊತ್ತಿತ್ತು, ಹೆಬ್ಬಟ್ಟಿಗೆ ಗೊತ್ತಿರಲಿಲ್ಲ.
ಎರಡನೇದು ಕಂಬಕ್ಕ. ಮೂರನೇದು ಜಾಲಿಗೆ.
ನಾಕನೇದು ಹದ್ದಿನ ತಪ್ಪು ಅಂತ ನಾ ಅಂತೀನಿ,
ದಸ್ತಗೀರ ಆಕಡೆ ತಿರುಗಿ ನಗತಾನ.

ಎಮ್ಮಿ ಬಿಟ್ಟು ಯಮನೂರಿ ಜಾಲಿಯಾಗ ನುಗ್ಗಿದ.
ಮೂರನೇತ್ತೆ ಹುಡುಗ, ಮೊಳಕೈ ಪೂರಾ ತರಚಿ,
ರೆಕ್ಕಿ ತಂದು ನಿಂತು ಒಂದೊಂದ ಅಕ್ಷರ ಓದಿದ:
"ಹಾ... ದಿ. ಹಾದಿ ಅಂತ ಬರದೈತಿ ಅಕ್ಕಾ."
ಅರ್ಕಾವತ್ತೂ ಕ-ನೂ ಮುಳ್ಳಿನಾಗ ಉಳದಿದ್ವು.
ಇಪ್ಪತ್ತು ವರ್ಷ ಆ ಶಬ್ದ ಅಚ್ಚು ಹಾಕೀನಿ,
ಅದರ ಹೊಟ್ಟ್ಯಾಗ ಇದು ಇದ್ದದ್ದು ಕಂಡಿರಲಿಲ್ಲ.
ಮುರದಲ್ಲಿಂದ ಮುಂದ ಬಿಳೀ ತುಂಡು ಕೂಡಿಸಿದೆ,
ಏನೂ ಬರೀಲಿಲ್ಲ.

ಮುಂದಿನ ಐತವಾರ ಅದು ನನ್ನ ಮ್ಯಾಲ ಬರಾಕತ್ತಿತ್ತು,
ಹೊಟ್ಟಿಗೆ ಸೋತವನ ಅರ್ಧ ಮೀಸಿ, ಒಂದು ಕಣ್ಣು,
ಒಂದು ರೆಕ್ಕಿ ಕುಸೀಲಿಕ್ಕೆ ಹತ್ತಿತು.
"ಯಾವ ಕಡೆ ಕುಸೀತೈತಿ ಆ ಕಡೇನ ಕಡ್ಡಿ ದೂಡು,"
ಹಿಂದಿಂದ ದಸ್ತಗೀರ, "ಹಂದರಕ್ಕ ಗೂಟ ಆನಿಸಿದಂಗ."
ಆನಿಸಿದೆ.
ಎದ್ದಿತು. ಸಮಾ ಆತು.
ಯಾರದೋ ಪಡಸಾಲಿ, ಯಾರದೋ ದೇವರ ಕೋಣಿ
ಯಾವ ಬಾಗಲಾ ಬಡೀದ ದಾಟಿ
ಮಣ್ಣಿಗೆ ಹೊಟ್ಟಿ ಉಜ್ಜಕೋತ ಬಂದು
ಕಡೀಕ ನಂಬರಿನ ಕಲ್ಲಿಗೆ ಟಕ್ ಅಂತು.

ಥ್ರಾಟಲ್ ಇಳಿಸಿದೆ. ನಡದೆ. ಓಡಲಿಲ್ಲ.
ಪಂಕಾ ಹಾರಿ ದೂರ ಬಿದ್ದಿತ್ತು, ಮುರದಿರಲಿಲ್ಲ.
ರಬ್ಬರ್ ಬ್ಯಾಂಡ್ ಹರದಿತ್ತು ಅಷ್ಟ.
ಜಡಿ ಬಿಚ್ಚಿ ನನ್ನದು ತಗದೆ.
ಗಾಳಿ ಏಳಾಕ ಇನ್ನೂ
ಹತ್ತು ಮಿನಿಟು ಇತ್ತು.